ಕೆಡವೋದಾ, ಉಳಿಸೋದಾ? ಮೈಸೂರಿನ ಹಳೇ ಕಟ್ಟಡಗಳ ಜಗಳದ ಹಿನ್ನೆಲೆ

ಹಳೇ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡವನ್ನು ಕೆಡವಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಅನ್ನುವ ವಿವಾದ ಸಮಿತಿ, ವರದಿ, ಕೋರ್ಟು ಅಂತ ಸುತ್ತಿ ಸುತ್ತಿ ಗೋಜಲಾಗಿದೆ. ಸ್ವಲ್ಪ ಹಿಂದಿನಿಂದ ನೋಡೋಣ.

1897ರಲ್ಲಿ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅದರ ಕಲ್ಯಾಣ ಮಂಟಪದ ಕಬ್ಬಿಣದ ಕಂಬಗಳು ಗ್ಲಾಸ್ಗೋದಲ್ಲಿ ಎರಕಗೊಂಡವು. ನಾವು ಪರಂಪರೆ ಅನ್ನೋದು ಆಗ ಹೊಚ್ಚ ಹೊಸದು, ಅಲ್ವಾ? ಬರ್ಲಿನ್‌ನಲ್ಲಿ ಓದಿದ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಅವರು ಬೆಳೆದು ಬಂದ ಆಧುನಿಕ ಪಂಥಕ್ಕೆ ಸುಮ್ನೆ ಅಂಟಿಸಿದ ಅಲಂಕಾರ ಬೇಡ. ಕಟ್ಟಡ ಯಾವುದರಿಂದ ಆಗಿದೆಯೋ ಹಾಗೇ ಕಾಣಬೇಕು. ಸ್ವಾತಂತ್ರ್ಯದ ನಂತರ ಊರೆಲ್ಲ ಕಾಂಕ್ರೀಟು ಬಂತು.

ತೊಡಕು ಶುರುವಾಗಿದ್ದು ದುರಸ್ತಿಯಲ್ಲಿ. ಹಳೇ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಮಳೆಗಾಲದಲ್ಲಿ ಗಾರೆ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಗೋಡೆ ಕೊಂಚ ಅಲುಗಿದರೂ ಹೊಂದಿಕೊಳ್ಳುತ್ತದೆ. ಸಿಮೆಂಟು ಹಾಗಲ್ಲ, ಬಿಗಿ. ಗಾರೆ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ. ಹೊರಗೆ ನುಣ್ಣಗೆ ಕಾಣುವ ಗೋಡೆಯೊಳಗೆ ಇಟ್ಟಿಗೆ ಪುಡಿಯಾಗುತ್ತಾ ಹೋಗುತ್ತದೆ. ಸೋರುವ ತಾರಸಿ, ಬಿರುಕಿನಲ್ಲಿ ಬೇರು ಬಿಟ್ಟ ಅರಳಿ ಗಿಡ ಉಳಿದ ಕೆಲಸ ಮುಗಿಸುತ್ತವೆ. ಗಾರೆಯೇ ದುರ್ಬಲ ಅನ್ನುವವರು ಕನ್ನಂಬಾಡಿ ಕಟ್ಟೆಗೆ ಹೋಗಿ ಬರಲಿ. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ ಮತ್ತು ಸುಟ್ಟ ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಮಂಡ್ಯದ ಗದ್ದೆಗಳಿಗೆ ಇವತ್ತಿಗೂ ನೀರು ಅಲ್ಲಿಂದಲೇ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ಮಾರುಕಟ್ಟೆಯ ಉತ್ತರ ದ್ವಾರದ ಕಡೆ ಒಂದು ಭಾಗ ಬಿತ್ತು. ಜನರ ಜೀವಕ್ಕಿಂತ ಯಾವ ಕಟ್ಟಡವೂ ದೊಡ್ಡದಲ್ಲ. ಹಾಗಾಗಿ ಕೆಡವಿ ಎನ್ನುವವರ ಭಯ ನಿಜವಾದದ್ದು. ಆದರೆ ಒಂದು ಭಾಗ ಬಿದ್ದರೆ ಉಳಿದದ್ದೂ ಹಾಳು ಅಂತ ಹೇಳಲಾಗದು. ಒಂದೊಂದು ಗೋಡೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಕೆಡವಿ ಅದೇ ರೂಪದಲ್ಲಿ ಮತ್ತೆ ಕಟ್ಟೋಣ ಅನ್ನುವ ಮಾತೂ ಬಂದಿದೆ. ಕೇಳಲು ಹಿತವಾಗಿದೆ. ಆದರೆ ಕಾಂಕ್ರೀಟಿಗೆ ಹಳೇ ಕಮಾನಿನ ವೇಷ ಹಾಕಿದರೆ ಅದು ಪರಂಪರೆಯೂ ಅಲ್ಲ, ಆಧುನಿಕವೂ ಅಲ್ಲ. ನಿಜಕ್ಕೂ ಉಳಿಸಲಾಗದ ಕಡೆ ಧೈರ್ಯವಾಗಿ ಈ ಕಾಲದ ಕಟ್ಟಡವನ್ನೇ ಕಟ್ಟಲಿ. ಉಳಿಯುವ ಕಡೆ ಸಿಮೆಂಟು ಕೆತ್ತಿ ತೆಗೆದು, ಸುಣ್ಣದ ಕೆಲಸ ಬಲ್ಲವರನ್ನು ಕರೆಸಲಿ. ಅಂಥವರ ಸಂಖ್ಯೆ ಕಡಿಮೆಯಾಗುತ್ತಿದೆ. ಅವರ ಕೈಕೆಳಗೆ ಹುಡುಗರು ಕಲಿಯುವ ವ್ಯವಸ್ಥೆಯೂ ಈ ದುರಸ್ತಿಯ ಜೊತೆಗೇ ಆಗಬೇಕು.