ಓದುಗರ ಪ್ರಶ್ನೆ: ಚುನಾವಣೆ ಇರುವಾಗ ಶಾಸಕರಿಗೆ ಅವಧಿ ಮಿತಿ ಯಾಕೆ?

ಪ್ರಶ್ನೆ: ಐದು ವರ್ಷಕ್ಕೊಮ್ಮೆ ಚುನಾವಣೆ ಬಂದೇ ಬರುತ್ತೆ. ಕೆಲಸ ಮಾಡದವರನ್ನು ಜನರೇ ಮನೆಗೆ ಕಳಿಸ್ತಾರೆ. ಹಾಗಿರುವಾಗ ‘ಇಷ್ಟೇ ಸಲ ಶಾಸಕರಾಗಬಹುದು’ ಅನ್ನೋ ಕಾನೂನು ಯಾಕೆ ಬೇಕು?

ಉತ್ತರ: ಅವಧಿ ಮಿತಿಯ ಮಾತು ಎತ್ತಿದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಹಿಂದೆಯೂ ಉತ್ತರಿಸಿದ್ದೇನೆ. ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಕಾನೂನು. ಶಾಸಕರಾಗಲು 25 ವರ್ಷ ತುಂಬಿರಬೇಕು. ಒಂದು ವಿಧಾನಸಭೆಯ ಅವಧಿ 5 ವರ್ಷ. ಒಬ್ಬರು ಎಷ್ಟು ಸಲ ಆರಿಸಿಬರಬಹುದು ಅನ್ನೋದಕ್ಕೆ ಮಾತ್ರ ಮಿತಿಯೇ ಇಲ್ಲ. ಸಂಸದರ ವಿಷಯದಲ್ಲೂ ಅಷ್ಟೇ.

ಈಗ ‘ಚುನಾವಣೆಯೇ ಮಿತಿ’ ಅನ್ನೋ ನಂಬಿಕೆಗೆ ಬರೋಣ. ಕರ್ನಾಟಕದ ಮತದಾರರು ಸುಮ್ನೆ ಕೂರುವವರಲ್ಲ. 1985ರ ನಂತರ ಆಳುವ ಪಕ್ಷಕ್ಕೆ ಇಲ್ಲಿ ಮತ್ತೊಮ್ಮೆ ಬಹುಮತ ಸಿಕ್ಕಿಲ್ಲ. ಪಕ್ಷ ಬದಲಾಯಿಸೋದರಲ್ಲಿ ನಮ್ಮಷ್ಟು ಗಟ್ಟಿಗರು ಕಡಿಮೆ. ಆದರೆ ಸರ್ಕಾರ ಬದಲಾದಷ್ಟು ಮುಖಗಳು ಬದಲಾಗಿವೆಯಾ? ನಿಮ್ಮ ತಾಲ್ಲೂಕಿನಲ್ಲಿ ಕಳೆದ ಐದಾರು ಚುನಾವಣೆಗಳಲ್ಲಿ ಗೆದ್ದವರು, ಸೋತವರು ಯಾರು ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ. ಎಷ್ಟೋ ಕಡೆ ಎರಡೇ ಮನೆಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಯಾಕೆ ಗೊತ್ತಾ? ಮತದಾರ ಆರಿಸೋದು ತನ್ನ ಮುಂದೆ ಇಟ್ಟವರಲ್ಲಿ ಒಬ್ಬರನ್ನು. ಮುಂದೆ ಯಾರನ್ನು ಇಡಬೇಕು ಅಂತ ತೀರ್ಮಾನ ಮಾಡೋದು ಬಿ ಫಾರಂ ಕೊಡುವ ಪಕ್ಷ. ಗೆಲ್ಲುವ ಕುದುರೆ ಇರುವಾಗ ಪಕ್ಷ ಹೊಸಬರಿಗೆ ಟಿಕೆಟ್ ಕೊಡೋದು ಅಪರೂಪ. ಮೇಲಾಗಿ, ಗೆಲ್ಲೋಕೆ ಅರ್ಧದಷ್ಟು ಮತವೂ ಬೇಕಿಲ್ಲ. ಎದುರಾಳಿಗಳು ಮತ ಹಂಚಿಕೊಂಡರೆ ಮೂರರಲ್ಲಿ ಒಂದು ಪಾಲು ಸಿಕ್ಕರೂ ಗೆದ್ದಂತೆಯೇ. ಹತ್ತಿಪ್ಪತ್ತು ವರ್ಷ ಒಂದೇ ಕಡೆ ಬೇರು ಬಿಟ್ಟವರಿಗೆ ಆ ಪಾಲು ಕಟ್ಟಿಟ್ಟ ಬುತ್ತಿ.

ಬೇರು ಹೇಗೆ ಇಳಿಯುತ್ತದೆ ಅಂತ ಹತ್ತಿರದಿಂದ ನೋಡೋಣ. ಬಗರ್ ಹುಕುಂ ಸಮಿತಿಯನ್ನೇ ತಗೊಳ್ಳಿ. ಸರ್ಕಾರಿ ಜಮೀನಿನಲ್ಲಿ ಉಳುಮೆ ಮಾಡುತ್ತಿರುವ ರೈತರು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿರುತ್ತಾರೆ. ಅರ್ಜಿ ಬರೋದು ಸಮಿತಿಯ ಮುಂದೆ. ಅದಕ್ಕೆ ಅಧ್ಯಕ್ಷರು ಶಾಸಕರು, ತಹಶೀಲ್ದಾರ್ ಸದಸ್ಯ ಕಾರ್ಯದರ್ಶಿ. ನಮೂನೆ 53 ಕೊಟ್ಟು ವರ್ಷಗಟ್ಟಲೆ ಸಾಗುವಳಿ ಚೀಟಿಗೆ, ಅಂದರೆ ಜಮೀನು ಮಂಜೂರಾದ ಪತ್ರಕ್ಕೆ, ಕಾಯುತ್ತಿರುವ ರೈತನ ಜಾಗದಲ್ಲಿ ನಿಂತು ಯೋಚಿಸಿ. ಅವನ ಎರಡೆಕರೆ ಆ ಸಮಿತಿಯ ಕೈಯಲ್ಲಿದೆ. ಊರ ಜಾತ್ರೆಯಲ್ಲಿ ಎದುರಾಳಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲೂ ಅವನು ಹೆದರುತ್ತಾನೆ. ಆ ಹೆದರಿಕೆಗೆ ಶಾಸಕರು ಕೆಟ್ಟವರಾಗಿರಬೇಕು ಅಂತೇನೂ ಇಲ್ಲ. ಅಧಿಕಾರ ಅದೇ ಕೈಯಲ್ಲಿ ಬಹಳ ವರ್ಷ ಇದ್ದರೆ ಸಾಕು. ಇದರ ಜೊತೆಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ನಿಧಿ, ವರ್ಗಾವಣೆಗೆ ಶಿಫಾರಸು ಪತ್ರ, ಮನೆ ಹಂಚುವ ಆಶ್ರಯ ಸಮಿತಿ ಎಲ್ಲ ಸೇರಿಸಿ. ಹೊಸ ಅಭ್ಯರ್ಥಿಯ ಕೈಯಲ್ಲಿ ಇದ್ಯಾವುದೂ ಇಲ್ಲ. ಇದು ಸಮಬಲದ ಸ್ಪರ್ಧೆ ಅಲ್ಲ, ಅಲ್ವಾ?

ಇಷ್ಟರ ನಡುವೆಯೂ ಜನ ಸೋಲಿಸುತ್ತಾರೆ ಅಂತಿಟ್ಟುಕೊಳ್ಳಿ. ಆಮೇಲೆ? ಸತತ ಒಂಬತ್ತು ಸಲ ವಿಧಾನಸಭೆಗೆ ಗೆದ್ದು ‘ಸೋಲಿಲ್ಲದ ಸರದಾರ’ ಅನ್ನಿಸಿಕೊಂಡ ಮಲ್ಲಿಕಾರ್ಜುನ ಖರ್ಗೆ ಅವರು 2019ರಲ್ಲಿ ಕಲಬುರಗಿಯಲ್ಲಿ ಸೋತರು. ಅದೇ ಚುನಾವಣೆಯಲ್ಲಿ ಎಚ್.ಡಿ. ದೇವೇಗೌಡರು ತುಮಕೂರಿನಲ್ಲಿ ಸೋತರು. 2020ರಲ್ಲಿ ಇಬ್ಬರೂ ಅವಿರೋಧವಾಗಿ ರಾಜ್ಯಸಭೆಗೆ ಹೋದರು. ಇಬ್ಬರ ದುಡಿಮೆಯ ಬಗ್ಗೆಯೂ ನನಗೆ ಗೌರವವಿದೆ, ನಿಯಮದಲ್ಲಿ ಅವಕಾಶ ಇತ್ತು, ಹೋದರು. ಆದರೆ ಜನರ ತೀರ್ಪೇ ಕೊನೆ ಅನ್ನುವವರು ಈ ಒಂದು ವರ್ಷದ ಕಥೆಗೆ ಉತ್ತರ ಕೊಡಬೇಕು.

ಇನ್ನೊಂದು ವಿಷಯ. ಸಹಕಾರಿ ಬ್ಯಾಂಕಿನ ನಿರ್ದೇಶಕರನ್ನೂ ಸದಸ್ಯರು ಮತ ಹಾಕಿಯೇ ಆರಿಸುತ್ತಾರೆ. ಆದರೂ ಅವರು ಸತತವಾಗಿ 8 ವರ್ಷಕ್ಕಿಂತ ಜಾಸ್ತಿ ಇರುವಂತಿರಲಿಲ್ಲ. 2025ರ ತಿದ್ದುಪಡಿ ಅದನ್ನು 10 ವರ್ಷಕ್ಕೆ ಏರಿಸಿತು, ಮಿತಿಯನ್ನು ತೆಗೆಯಲಿಲ್ಲ. ಬಿಸಿಸಿಐ ಪದಾಧಿಕಾರಿಗಳೂ ಆಯ್ಕೆಯಾದವರೇ. ಅವರು ನಡುವೆ ಬಿಡುವು ತೆಗೆದುಕೊಳ್ಳಲೇಬೇಕು ಅನ್ನೋ ನಿಯಮವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಸಡಿಲ ಮಾಡಿತೇ ಹೊರತು ಕೈಬಿಡಲಿಲ್ಲ. ಕ್ರಿಕೆಟ್ ಮಂಡಳಿಗೆ, ಪಟ್ಟಣದ ಸಹಕಾರಿ ಬ್ಯಾಂಕಿಗೆ ಬೇಕಾದ ಎಚ್ಚರ ವಿಧಾನಸೌಧಕ್ಕೆ ಬೇಡವೇ? ಈ ಪ್ರಶ್ನೆಗೆ ಇದುವರೆಗೆ ಯಾರಿಂದಲೂ ನನಗೆ ನೇರ ಉತ್ತರ ಸಿಕ್ಕಿಲ್ಲ.

ಅನುಭವ ಹಾಳಾಗುತ್ತದೆ ಅನ್ನೋ ಆಕ್ಷೇಪದಲ್ಲಿ ಹುರುಳಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1990ರಲ್ಲಿ ಮತದಾರರೇ ಕೆಳಮನೆಗೆ 6 ವರ್ಷ, ಮೇಲ್ಮನೆಗೆ 8 ವರ್ಷದ ಮಿತಿ ಹಾಕಿದರು. ಅದು ತೀರಾ ಬಿಗಿಯಾಯಿತು. ಕೆಲಸ ಕಲಿಯುವಷ್ಟರಲ್ಲಿ ಮನೆಗೆ ಹೋಗುವ ಸಮಯ ಬರುತ್ತಿತ್ತು. 2012ರಲ್ಲಿ ಅದನ್ನು ಎರಡೂ ಮನೆ ಸೇರಿ ಒಟ್ಟು 12 ವರ್ಷ ಅಂತ ತಿದ್ದಿಕೊಂಡರು. ನಾವು ಕಲಿಯಬೇಕಾದ್ದು ಇದನ್ನೇ. ನನ್ನ ಸಲಹೆ ಇಷ್ಟೇ: ಯಾವ ಸದನವಾದರೂ ಸರಿ, ಸತತ 15 ವರ್ಷ, ಆಮೇಲೆ ಕಡ್ಡಾಯವಾಗಿ 5 ವರ್ಷ ಬಿಡುವು. ಹದಿನೈದು ವರ್ಷದಲ್ಲಿ ಕಲಿಯೋಕೂ ಆಗುತ್ತೆ, ಕಲಿಸೋಕೂ ಆಗುತ್ತೆ.

ಮಗನನ್ನೋ ಹೆಂಡತಿಯನ್ನೋ ನಿಲ್ಲಿಸ್ತಾರೆ ಅಂತೀರಾ? ಹೌದು, ನಿಲ್ಲಿಸ್ತಾರೆ. ಫಿಲಿಪೀನ್ಸ್‌ನ 1987ರ ಸಂವಿಧಾನ ಕೆಳಮನೆಯವರಿಗೆ ಸತತ ಮೂರೇ ಅವಧಿ ಅಂದಿತು. ಅಲ್ಲಿ ಎಷ್ಟೋ ಕ್ಷೇತ್ರಗಳು ಮನೆಯೊಳಗೇ ಕೈ ಬದಲಾಯಿಸಿದವು. ಹಾಗಾಗಿ ಬಿಡುವಿನ 5 ವರ್ಷ ಅದೇ ಕ್ಷೇತ್ರದಲ್ಲಿ ಹತ್ತಿರದ ಸಂಬಂಧಿಗಳೂ ನಿಲ್ಲಬಾರದು ಅಂತ ಸೇರಿಸಲೇಬೇಕು. ಅನರ್ಹತೆಗಳನ್ನು ಕಾನೂನಿನ ಮೂಲಕ ಸೇರಿಸುವ ಅಧಿಕಾರವನ್ನು ಸಂವಿಧಾನದ 102 ಮತ್ತು 191ನೇ ವಿಧಿಗಳು ಸಂಸತ್ತಿಗೆ ಕೊಟ್ಟಿವೆ. ಕಷ್ಟ ಏನೆಂದರೆ, ಆ ಕಾನೂನಿಗೆ ಕೈ ಎತ್ತಬೇಕಾದವರು ಅದರಿಂದ ಸ್ಥಾನ ಕಳೆದುಕೊಳ್ಳುವವರೇ.

ಇದೇ ಹೊತ್ತಲ್ಲಿ, ಯಾರೂ ಕೇಳದ ಪಿಂಚಣಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಮಾಜಿ ಸಂಸದರ ಪಿಂಚಣಿ ಈಗ ತಿಂಗಳಿಗೆ 31,000 ರೂಪಾಯಿ. 5 ವರ್ಷ ದಾಟಿದ ಪ್ರತಿ ವರ್ಷಕ್ಕೆ ಇನ್ನೂ 2,500 ರೂಪಾಯಿ ಸೇರುತ್ತದೆ. ಹೆಚ್ಚು ಸಲ ಗೆದ್ದಷ್ಟೂ ಹೆಚ್ಚು ದುಡ್ಡು! ಮಿತಿ ಹಾಕೋದು ಹಾಗಿರಲಿ, ಜಾಸ್ತಿ ವರ್ಷ ಕೂತವರಿಗೆ ನಾವೇ ಬಹುಮಾನ ಕೊಡುತ್ತಿದ್ದೇವೆ. ಪಂಜಾಬಿನಲ್ಲೂ ಅವಧಿ ಹೆಚ್ಚಿದಂತೆ ಪಿಂಚಣಿ ಬೆಳೆಯುತ್ತಿತ್ತು. 2022ರಲ್ಲಿ ಅಲ್ಲಿನ ವಿಧಾನಸಭೆ ‘ಒಬ್ಬ ಶಾಸಕರಿಗೆ ಒಂದೇ ಪಿಂಚಣಿ’ ಅಂತ ಕಾನೂನು ಮಾಡಿತು. ಎಷ್ಟು ಸಲ ಗೆದ್ದಿದ್ದರೂ ಅಷ್ಟೇ. ಅದಕ್ಕೆ ದೆಹಲಿಯತ್ತ ನೋಡಬೇಕಾಗಲಿಲ್ಲ, ಸಂವಿಧಾನ ತಿದ್ದಬೇಕಾಗಲಿಲ್ಲ. ನಮ್ಮ ಶಾಸಕರ ಸಂಬಳ, ಪಿಂಚಣಿಯ ಕಾನೂನೂ ರಾಜ್ಯದ್ದೇ. ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ ಮೊದಲು ಇದನ್ನು ಕೇಳಿ.