‘ಅಲ್ಲಿ ಮಂದಿ ನೋಡಿದ್ರ ಏನಂತಾರ್ರಿ?’
ಆಳಂದ ಕಡೆಯ ಆಟೊ ಚಾಲಕರೊಬ್ಬರು ಹೆಂಡತಿ ಜೊತೆ ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಕುಡಿಯದೆ ಹದಿನೈದು ದಿನ ಆಗಿತ್ತು. ಕೈ ನಡುಕ ನಿಂತಿತ್ತು, ನಿದ್ದೆ ಬರುತ್ತಿತ್ತು. ‘ಇನ್ನು ಎಎ ಸಭೆಗೆ, ಅಂದರೆ ಕುಡಿತ ಬಿಡಬೇಕೆನ್ನುವವರು ಸೇರುವ ಗುಂಪಿಗೆ, ಹೋಗಲು ಶುರುಮಾಡಿ’ ಎಂದೆ. ಅವರ ಮುಖ ಸಣ್ಣದಾಯಿತು.

‘ಅಲ್ಲಿ ಮಂದಿ ನೋಡಿದ್ರ ಏನಂತಾರ್ರಿ ಡಾಕ್ಟ್ರೇ?’

ಹೆಂಡತಿ ತಲೆ ಎತ್ತದೆಯೇ ಹೇಳಿದರು: ‘ಗಟಾರದಾಗ ಬಿದ್ದಾಗ ನೋಡಿದ್ದೂ ಇದೇ ಮಂದಿ ಅಲ್ಲೇನ್ರಿ?’

ಸಭೆ ಎಲ್ಲಿದೆ, ಎಷ್ಟು ಹೊತ್ತಿಗೆ ಅನ್ನುವುದೆಲ್ಲ ಆಮೇಲಿನ ಮಾತು. ನಮ್ಮ ಕಡೆ ಜನರನ್ನು ತಡೆಯುವುದು ಈ ನಾಚಿಕೆಯೇ. ಅದಕ್ಕೇ ಒಳಗೆ ಏನು ನಡೆಯುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶುರುವಾಯಿತು. ಶುರುಮಾಡಿದವರಲ್ಲಿ ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಸರ್ಜನ್. ಇಬ್ಬರೂ ಕುಡುಕರೇ. ಇನ್ನೊಬ್ಬ ಕುಡುಕನ ಜೊತೆ ಕೂತು ತನ್ನ ಕಥೆ ಹೇಳಿಕೊಂಡರೆ ತನ್ನ ಚಟವೇ ತಗ್ಗುತ್ತದೆ ಅನ್ನುವುದು ಅವರಿಗೆ ಹೊಳೆದ ಸಂಗತಿ. ಇಂದಿಗೂ ಸಭೆ ನಡೆಯುವುದು ಅದರ ಮೇಲೆಯೇ. ಅಲ್ಲಿ ಡಾಕ್ಟರು ಇರುವುದಿಲ್ಲ, ಉಪದೇಶ ಮಾಡುವವರೂ ಇರುವುದಿಲ್ಲ.

ಸಭೆ ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ. ಕುರ್ಚಿಗಳು, ಚಹಾ. ಒಬ್ಬರು ಮಾತಾಡುವಾಗ ಉಳಿದವರು ಸುಮ್ನೆ ಕೇಳುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ, ‘ಹಿಂಗ್ಯಾಕ ಮಾಡ್ದಿ?’ ಎನ್ನುವುದಿಲ್ಲ. ಬರೀ ಹೆಸರು ಹೇಳಿದರೆ ಸಾಕು. ಅಡ್ಡಹೆಸರು, ಊರು, ಕುಲ ಯಾರೂ ಕೇಳುವುದಿಲ್ಲ. ಮಾತಾಡಲು ಮನಸ್ಸಿಲ್ಲದಿದ್ದರೆ ಕೂತು ಕೇಳಿ ಎದ್ದು ಬರಬಹುದು. ಶುಲ್ಕವಿಲ್ಲ. ಬಾಡಿಗೆ, ಚಹಾ ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಸೇರಲು ಒಂದೇ ಷರತ್ತು: ಕುಡಿತ ಬಿಡಬೇಕು ಎಂಬ ಆಸೆ ಇರಬೇಕು. ಬಿಟ್ಟಿರಬೇಕು ಎಂದೇನಿಲ್ಲ.

ಇನ್ನೊಂದು ಅನುಮಾನ ಇದೆ, ಜನ ಪಿಸುಗುಟ್ಟಿ ಕೇಳುತ್ತಾರೆ: ‘ಚರ್ಚಿನಾಗ ನಡೀತದಂತ, ಜಾತಿ ಬದಲಿ ಮಾಡ್ತಾರೇನ್ರಿ?’ ಇಲ್ಲ. ಅಗ್ಗಕ್ಕೆ ಕೋಣೆ ಸಿಗುತ್ತದೆ ಎಂದು ಹಲವು ಗುಂಪುಗಳು ಚರ್ಚ್ ಅಥವಾ ಶಾಲೆಯಲ್ಲಿ ಸೇರುತ್ತವೆ, ಅಷ್ಟೇ. ಕುಡಿತದಿಂದ ಹೊರಬರಲು ಎಎ ಹೇಳುವ 12 ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಆದರೆ ‘ನಾವು ತಿಳಿದುಕೊಂಡಂಥ ದೇವರು’ ಎಂದು. ಶರಣಬಸವಪ್ಪನನ್ನು ನಂಬುವವರೂ, ಬಂದೇನವಾಜರ ದರ್ಗಾಕ್ಕೆ ಹೋಗುವವರೂ, ಏನನ್ನೂ ನಂಬದವರೂ ಕೂರಬಹುದು.

ಇದರಿಂದ ಉಪಯೋಗ ಇದೆಯಾ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು, 10,565 ಜನರನ್ನು ನೋಡಿತು. ಪೂರ್ತಿ ಬಿಟ್ಟು ಇರುವ ವಿಷಯದಲ್ಲಿ, ಜನರನ್ನು ಎಎಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಬೇರೆ ಮಾತಿನ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲಿತ್ತು. ಆದರೆ ಒಂದೇ ಸಭೆಗೆ ಹೋಗಿ ‘ನನಗೆ ಹೊಂದಲಿಲ್ಲ’ ಎಂದು ಬಿಡಬೇಡಿ. ಐದಾರು ಸಲ ಹೋಗಿ. ಗುಂಪಿನಿಂದ ಗುಂಪಿಗೆ ಹದ ಬೇರೆ ಇರುತ್ತದೆ.

ಹುಡುಕುವುದು ಹೇಗೆ? ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ ಕೇಳಿ. ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡೂ ಉಚಿತ. ‘ಓಪನ್’ ಸಭೆಗೆ ಮನೆಯವರೂ ಬರಬಹುದು, ‘ಕ್ಲೋಸ್ಡ್’ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಫೋನಿನಲ್ಲೇ ಇದನ್ನು ಕೇಳಿಕೊಂಡರೆ ಹೆಂಡತಿ ಹೊರಗೆ ಕಾಯುವುದು ತಪ್ಪುತ್ತದೆ. ಮನೆಯವರದ್ದೇ ಗುಂಪುಗಳೂ ಇವೆ, ಅಲ್-ಅನಾನ್ ಎಂದು.

ಒಂದು ಎಚ್ಚರಿಕೆ, ಇದನ್ನು ದಪ್ಪ ಅಕ್ಷರದಲ್ಲೇ ಓದಿಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಬೇಕೆನ್ನುವಷ್ಟು ದಿನವೂ ಕುಡಿಯುವವರು ಹಟಕ್ಕೆ ಬಿದ್ದು ಒಮ್ಮೆಲೇ ಬಿಡಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪುತ್ತದೆ. ಮೈಮೇಲೆ ಹುಳ ಹರಿದಾಡುತ್ತಿವೆ ಎಂದು ಕೊಡವುತ್ತಾರೆ. ದೆವ್ವ ಬಡಿದಿದೆ ಎಂದು ಗಾಣಗಾಪುರಕ್ಕೆ ಕರೆದೊಯ್ದು, ಅಲ್ಲಿಂದ ನಮ್ಮ ಹತ್ತಿರ ತಂದವರನ್ನು ನೋಡಿದ್ದೇನೆ. ಗುಡಿಗೆ ಆಮೇಲೆ ಹೋಗಿ. ಇದು ಜೀವಕ್ಕೇ ಅಪಾಯ, ಮೊದಲು ಆಸ್ಪತ್ರೆ. ಹಾಗೆಯೇ ಸಾರಿನಲ್ಲಿ ಗೊತ್ತಾಗದಂತೆ ಗುಳಿಗೆ ಬೆರೆಸುವುದು ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆ ಹೊಟ್ಟೆಯಲ್ಲಿರುವಾಗ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ತಿಳಿದು ನುಂಗಿದವನಿಗಷ್ಟೇ ಅದು ಔಷಧಿ.

ಆಟೊದವರು ಕಡೆಗೆ ಆನ್‌ಲೈನ್ ಸಭೆ ಹಿಡಿದರು. ಕ್ಯಾಮೆರಾ ಹಚ್ಚಬೇಕಿಲ್ಲ ಎಂದದ್ದೇ ಅವರಿಗೆ ಧೈರ್ಯ. ರಾತ್ರಿ ಆಟೊ ಬದಿಗೆ ನಿಲ್ಲಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿದ್ದರು. ಹಿಂದಿ ಬರುವುದರಿಂದ ಭಾಷೆ ತೊಡಕಾಗಲಿಲ್ಲ. ಹೈದರಾಬಾದಿನ ಅಕ್ಕನ ಮನೆಗೆ ಹೋದಾಗ ಮೊದಲ ಸಲ ಎದುರಾಎದುರು ಕೂತು ಬಂದರು.

ಜನವರಿಯಲ್ಲಿ ತೊಗರಿ ಮಾರಿ ಕೈಯಲ್ಲಿ ದುಡ್ಡು ಬಂದ ವಾರ ಜಾರಿದರು. ನಮ್ಮ ಕಡೆ ಆ ವಾರ ಜಾರುವವರು ಜಾಸ್ತಿ. ನಾಲ್ಕು ದಿನ ಫೋನ್ ಹಚ್ಚಲಿಲ್ಲ. ಐದನೇ ದಿನ ಸಭೆಗೆ ಬಂದು ‘ಇವತ್ತು ನನ್ನದು ಒಂದನೇ ದಿನ’ ಅಂದರಂತೆ. ಅಲ್ಲಿದ್ದವರು ಏನಂದರು ಎಂದು ಕೇಳಿದೆ.

‘ಏನೂ ಅನ್ಲಿಲ್ರಿ. ಕುಂದ್ರು ಅಂದ್ರು.’