ಕರಗುವುದರಲ್ಲೂ ಎರಡು ಥರ

ವಸ್ತುಗಳು ನೀರಲ್ಲಿ ಕರಗುವ ಪಾಠದಲ್ಲಿ ನನ್ನನ್ನು ಮೊದಲು ಗೊಂದಲಕ್ಕೆ ಹಾಕಿದ್ದು ರಸಾಯನಶಾಸ್ತ್ರ ಅಲ್ಲ, ಕನ್ನಡವೇ. ಬೆಣ್ಣೆಯೂ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ, ಮಾತು ಒಂದೇ. ಆದರೆ ಬೆಣ್ಣೆಗೆ ಬಿಸಿ ಸಾಕು, ಇನ್ನೊಂದು ವಸ್ತು ಬೇಕಿಲ್ಲ. ಉಪ್ಪನ್ನು ಹಾಗೆ ಬರೀ ಬಿಸಿಯಲ್ಲಿ ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ಉಪ್ಪು ತಣ್ಣೀರಿಗೆ ಹಾಕಿದರೆ ಸದ್ದಿಲ್ಲದೆ ಮಾಯ. ಪುಸ್ತಕದಲ್ಲಿ ಇದಕ್ಕೆ ವಿಲೀನವಾಗುವುದು ಅನ್ನುತ್ತಾರೆ: ಉಪ್ಪು ದ್ರಾವ್ಯ, ನೀರು ದ್ರಾವಕ, ಎರಡೂ ಸೇರಿದ್ದು ದ್ರಾವಣ.

ಅಷ್ಟು ಬಿಸಿ ಮಾಡಬೇಕಾದ ಕೆಲಸವನ್ನು ನೀರು ಹೇಗೆ ಮಾಡಿತು? ಉಪ್ಪಿನ ಹರಳಿನಲ್ಲಿ ಇರುವುದು ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು: ಸೋಡಿಯಂ ಅಯಾನು ಪ್ಲಸ್, ಕ್ಲೋರೈಡ್ ಅಯಾನು ಮೈನಸ್, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿವೆ. ನೀರಿನ ಅಣುವಿನಲ್ಲೂ ಆಕ್ಸಿಜನ್ ಕಡೆ ಸ್ವಲ್ಪ ಮೈನಸ್, ಹೈಡ್ರೋಜನ್ ಕಡೆ ಸ್ವಲ್ಪ ಪ್ಲಸ್. ಹಾಗಾಗಿ ನೀರಿನ ಅಣುಗಳು ಸೋಡಿಯಂಗೆ ಆಕ್ಸಿಜನ್ ಬದಿಯನ್ನೂ ಕ್ಲೋರೈಡ್‌ಗೆ ಹೈಡ್ರೋಜನ್ ಬದಿಯನ್ನೂ ತಿರುಗಿಸಿಕೊಂಡು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿ, ಅಯಾನುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋಗುತ್ತವೆ. ಸಕ್ಕರೆಯಲ್ಲಿ ಅಣು ಒಡೆಯುವುದಿಲ್ಲ, ಇಡೀ ಅಣುವೇ ನೀರಿನ ನಡುವೆ ಸೇರಿಕೊಳ್ಳುತ್ತದೆ. ಉಪ್ಪುನೀರಲ್ಲಿ ಕರೆಂಟ್ ಚೆನ್ನಾಗಿ ಹರಿದು ಸಕ್ಕರೆ ನೀರಲ್ಲಿ ಹರಿಯದೇ ಇರುವುದು ಇದಕ್ಕೇ.

ಕಣ್ಣಾರೆ ನೋಡಬೇಕಾ? ಕಲ್ಲುಸಕ್ಕರೆ ತುಂಡಿಗೆ ದಾರ ಕಟ್ಟಿ, ಗಾಜಿನ ಲೋಟದ ನೀರಲ್ಲಿ ಮೇಲ್ಗಡೆ ಮುಳುಗುವಷ್ಟು ಇಳಿಬಿಟ್ಟು, ಅಲ್ಲಾಡಿಸದೆ ಬೆಳಕಿಗೆ ಎದುರಾಗಿ ಇಡಿ. ತುಂಡಿನಿಂದ ತೆಳ್ಳನೆ ಎಳೆಗಳು ಕೆಳಕ್ಕೆ ಇಳಿಯುತ್ತವೆ, ಬಿಸಿಲಿಗೆ ರಸ್ತೆ ಮೇಲೆ ಗಾಳಿ ನಡುಗುತ್ತದಲ್ಲ, ಹಾಗೆ. ಸಕ್ಕರೆ ಸೇರಿದ ನೀರು ಭಾರ, ಅದು ಇಳಿದ ಜಾಗಕ್ಕೆ ಹೊಸ ನೀರು ಬರುತ್ತದೆ. ತುಂಡನ್ನು ತಳಕ್ಕೆ ಹಾಕಿದರೆ ಸಿಹಿ ನೀರು ಅದರ ಸುತ್ತಲೇ ಕೂತುಬಿಡುತ್ತದೆ, ಕರಗುವುದು ನಿಧಾನ. ಚಮಚ ಆಡಿಸುವುದು ಅದಕ್ಕೇ ಅಲ್ವಾ!

ಇಲ್ಲೇ ನಾನು ಟೆಸ್ಟ್‌ನಲ್ಲಿ ಎರಡು ಅಂಕ ಕಳೆದುಕೊಂಡಿದ್ದು. ಕದಡಿದರೆ ಜಾಸ್ತಿ ಕರಗುತ್ತದೆ ಅಂತ ಬರೆದಿದ್ದೆ. ಬೇಗ ಕರಗುತ್ತದೆ, ಜಾಸ್ತಿ ಅಲ್ಲ. ಪುಡಿ ಮಾಡಿದರೂ ಅಷ್ಟೇ. 25 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ, ಆಮೇಲೆ ಎಷ್ಟು ತಿರುವಿದರೂ ಉಪ್ಪು ತಳದಲ್ಲೇ. ಅದು ಪರ್ಯಾಪ್ತ ದ್ರಾವಣ. (ತಳದ ಉಪ್ಪು ಸುಮ್ನೆ ಕೂತಿಲ್ಲ, ಎಷ್ಟು ಕರಗುತ್ತದೋ ಅಷ್ಟೇ ವಾಪಸ್ ಹರಳಾಗುತ್ತಿರುತ್ತದೆ.) ನೀರನ್ನು ಕುದಿಸಿದರೂ ಉಪ್ಪು ಸುಮಾರು 39 ಗ್ರಾಂಗೆ ನಿಲ್ಲುತ್ತದೆ. ಸಕ್ಕರೆ ಮಾತ್ರ 20 ಡಿಗ್ರಿಯಲ್ಲೇ ಸುಮಾರು 200 ಗ್ರಾಂ, ಕುದಿಯುವ ನೀರಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ. ಬಿಸಿಯಲ್ಲಿ ತಿಳಿಯಾಗಿದ್ದ ಪಾಕ ಆರಿದ ಮೇಲೆ ಹರಳುಗಟ್ಟುವುದು ಹೀಗೆ. ಅನಿಲದ್ದು ಉಲ್ಟಾ, ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಬಿಸಿಲಲ್ಲಿಟ್ಟ ಸೋಡಾ ಬಾಟಲಿ ತೆಗೆದು ನೋಡಿ, ಪಕ್ಕದಲ್ಲಿ ಒಂದು ಬಟ್ಟೆ ಇಟ್ಟುಕೊಂಡು.